ಪೈಲ್‌ಅಪ್ ನಿಂತ ಬೆಳಿಗ್ಗೆ: ಅಂಡಮಾನ್‌ನ ವಿಯು4 ರೇಡಿಯೊ ಯಾತ್ರೆ, ಡಿಸೆಂಬರ್ 2004

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಭೂಪಟವೇ ಬೇರೆ. ಅದರಲ್ಲಿ ಭಾರತ ಒಂದಲ್ಲ, ಮೂರು. ವಿಯು2, ವಿಯು3 ಎಂದು ಶುರುವಾಗುವ ಕಾಲ್‌ಸೈನ್‌ಗಳು (ನಿಲ್ದಾಣದ ಗುರುತು ಹೆಸರುಗಳು) ಮುಖ್ಯ ಭೂಭಾಗದವು. ಅಂಡಮಾನ್–ನಿಕೋಬಾರ್‌ಗೆ ವಿಯು4, ಲಕ್ಷದ್ವೀಪಕ್ಕೆ ವಿಯು7. ಅಮೆರಿಕದ ಹವ್ಯಾಸಿ ರೇಡಿಯೊ ಸಂಘ ಎಆರ್‌ಆರ್‌ಎಲ್ ಇಟ್ಟಿರುವ, ಸಂಪರ್ಕಿಸಬೇಕಾದ ದೇಶ–ಪ್ರದೇಶಗಳ ಡಿಎಕ್ಸ್‌ಸಿಸಿ ಪಟ್ಟಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಲೆಕ್ಕ. ಪಟ್ಟಿಯನ್ನು ಒಂದೊಂದಾಗಿ ಭರ್ತಿ ಮಾಡುತ್ತಾ ಹೋಗುವವರು ಜಗತ್ತಿನ ತುಂಬ ಇದ್ದಾರೆ. 2004ರ ಹೊತ್ತಿಗೆ ಅವರಲ್ಲಿ ಬಹಳ ಮಂದಿಗೆ ಸಿಗದೇ ಉಳಿದಿದ್ದುದು ವಿಯು4. ಅಲ್ಲಿಂದ ಹ್ಯಾಮ್ ದನಿ ಕೊನೆಯದಾಗಿ ಹೊರಟಿದ್ದು 1987ರಲ್ಲಿ. ಸೈನ್ಯದ ನೆಲೆಗಳಿರುವ, ಆದಿವಾಸಿ ಸಂರಕ್ಷಿತ ಪ್ರದೇಶಗಳಿರುವ ಗಡಿದ್ವೀಪಗಳಿಗೆ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಒಯ್ಯಲು ಅನುಮತಿ ಸಿಗುವುದು ಅಷ್ಟು ಸಲೀಸಲ್ಲ.

ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊ ಆ ಅನುಮತಿ ತಂದಿತು. ತಂಡದ ಮುಂದಾಳು ಭಾರತಿ ಪ್ರಸಾದ್, ಕಾಲ್‌ಸೈನ್ ವಿಯು2ಆರ್‌ಬಿಐ. ಅಂಡಮಾನ್‌ನಲ್ಲಿ ಅದು ವಿಯು4ಆರ್‌ಬಿಐ ಆಯಿತು. ಜೊತೆಗೆ ವಿಯು4ಎನ್‌ಆರ್‌ಒ ಎಂಬ ಇನ್ನೊಂದು ಕಾಲ್‌ಸೈನ್. ಡಿಸೆಂಬರ್ 3ರಂದು ಪೋರ್ಟ್ ಬ್ಲೇರ್‌ನ (ಈಗಿನ ಶ್ರೀ ವಿಜಯಪುರಂ) ಹೋಟೆಲೊಂದರಿಂದ ನಿಲ್ದಾಣ ಗಾಳಿಗೆ ಬಂತು. ಡಿಸೆಂಬರ್ 26ರ ಬೆಳಿಗ್ಗೆ 6:29ಕ್ಕೆ ಭೂಮಿ ನಡುಗಿತು. ಅಲ್ಲಿಯವರೆಗೆ ಲಾಗ್‌ನಲ್ಲಿ ಸುಮಾರು 35 ಸಾವಿರ ಸಂಪರ್ಕಗಳಿದ್ದವು. ಆಮೇಲೆ ಅದೇ ನಿಲ್ದಾಣ ಬೇರೆಯದೇ ಕೆಲಸಕ್ಕೆ ಇಳಿಯಿತು.

ಡಿಎಕ್ಸ್ ಬೇಟೆಗೆಂದು, ಅಂದರೆ ದೂರದೂರದ ನಿಲ್ದಾಣಗಳ ಸಂಪರ್ಕಕ್ಕೆಂದು, ಕಟ್ಟಿದ ನಿಲ್ದಾಣ ವಿಪತ್ತಿನ ನಿಲ್ದಾಣವಾಗಬೇಕಾದಾಗ ಯಾವುದು ಹಾಗೇ ಉಪಯೋಗಕ್ಕೆ ಬರುತ್ತದೆ, ಯಾವುದನ್ನು ಕಳಚಿ ಹೊಸದಾಗಿ ಕಟ್ಟಬೇಕು ಎಂಬುದನ್ನು ಈ ಪ್ರಕರಣದ ಮೂಲಕ ನೋಡಬಹುದು. ಯಂತ್ರ ಅದೇ, ಕೂರುವ ಜನ ಅವರೇ. ಬದಲಾಗುವುದು ಆಂಟೆನಾ ಎಷ್ಟು ಎತ್ತರದಲ್ಲಿದೆ, ಕರೆಂಟ್ ಎಲ್ಲಿಂದ ಬರುತ್ತದೆ, ಕಾಗದದ ಮೇಲೆ ಏನು ಬರೆಯುತ್ತೀರಿ ಎಂಬ ಮೂರು ಸಂಗತಿ.

23 ದಿನ, 35 ಸಾವಿರ

35,000ವನ್ನು 23 ದಿನಕ್ಕೆ ಹಂಚಿದರೆ ದಿನಕ್ಕೆ 1,500 ದಾಟುತ್ತದೆ. ರಾತ್ರಿ ಹಗಲು ಸೇರಿಸಿ ಸರಾಸರಿ ತೆಗೆದರೂ ಗಂಟೆಗೆ 63, ಅಂದರೆ ನಿಮಿಷಕ್ಕೊಂದು. ಬ್ಯಾಂಡ್ (ಆವರ್ತನಗಳ ಪಟ್ಟಿ) ಮುಚ್ಚಿ ದೂರದವರು ಕೇಳಿಸದ ಗಂಟೆಗಳಿರುತ್ತವೆ, ಊಟ ನಿದ್ದೆ ಇರುತ್ತದೆ, ಕರೆಂಟ್ ಹೋಗುತ್ತದೆ. ಹಾಗಾಗಿ ಬ್ಯಾಂಡ್ ಚೆನ್ನಾಗಿದ್ದಾಗಿನ ವೇಗ ಇದಕ್ಕಿಂತ ಎಷ್ಟೋ ಹೆಚ್ಚಿರಲೇಬೇಕು. ಪಳಗಿದ ಆಪರೇಟರ್‌ಗೆ ಒಂದು ಸಂಪರ್ಕಕ್ಕೆ 20 ಸೆಕೆಂಡ್ ಸಾಕು. ಎದುರಿನವರ ಕಾಲ್‌ಸೈನ್, 'ಫೈವ್ ನೈನ್' (ಚೆನ್ನಾಗಿ ಕೇಳುತ್ತಿದೆ ಎಂಬ ವರದಿ), 'ಥ್ಯಾಂಕ್ ಯು', ಮುಂದಿನವರು.

ಇದು ನಡೆಯುವುದು ಸ್ಪ್ಲಿಟ್ ಪದ್ಧತಿಯಿಂದ. ದ್ವೀಪದವರು 14.190 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಾರೆ ಎಂದಿಟ್ಟುಕೊಳ್ಳಿ. ಕಿವಿ ಮಾತ್ರ 14.195ರಿಂದ 14.210ರವರೆಗೆ ಓಡಾಡುತ್ತಿರುತ್ತದೆ. ಕರೆಯುವವರೆಲ್ಲ ದ್ವೀಪದ ಆವರ್ತನದ ಮೇಲೆಯೇ ಬಿದ್ದರೆ ಯಾರ ಸರದಿ ಎಂದು ಯಾರಿಗೂ ಕೇಳಿಸದು, ಎಲ್ಲರೂ ಇನ್ನಷ್ಟು ಜೋರಾಗಿ ಕೂಗುತ್ತಾರೆ. ನೂರಾರು ದನಿಗಳ ಈ ಗದ್ದಲಕ್ಕೇ ಪೈಲ್‌ಅಪ್ ಎನ್ನುವುದು. ಆಪರೇಟರ್ ಅದರೊಳಗಿಂದ ಎರಡು ಅಕ್ಷರ ಹಿಡಿದು, 'ಕಿಲೊ ಲಿಮಾ ಮಾತ್ರ' ಎಂದು ಉಳಿದವರನ್ನು ಸುಮ್ಮನಾಗಿಸಿ, ಪೂರ್ತಿ ಕಾಲ್‌ಸೈನ್ ತೆಗೆಯಬೇಕು. ಗದ್ದಲದಲ್ಲಿ ಎರಡು ಅಕ್ಷರ ಕೇಳಿಸಿಕೊಳ್ಳುವ ಈ ಕಿವಿ ಮುಂದೆ ತುಂಬ ಕೆಲಸಕ್ಕೆ ಬರುತ್ತದೆ. ವೇಗದ ಚಾಳಿ ಮಾತ್ರ ಅಡ್ಡಗಾಲಾಗುತ್ತದೆ.

6:29

ಪೋರ್ಟ್ ಬ್ಲೇರ್ ಇರುವುದು 92.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಗಡಿಯಾರ ಮಾತ್ರ ದೇಶದ್ದೇ. ಡಿಸೆಂಬರ್ ಕೊನೆಯಲ್ಲೂ ಅಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ. 6:29 ಎಂದರೆ ಸೂರ್ಯ ಹುಟ್ಟಿ ಮುಕ್ಕಾಲು ಗಂಟೆ ದಾಟಿತ್ತು. ಸುಮಾತ್ರಾದ ಪಶ್ಚಿಮದಿಂದ ಶುರುವಾದ ಸೀಳು ಅಂಡಮಾನ್‌ನ ಉತ್ತರದವರೆಗೂ ಓಡಿತ್ತು, ತೀವ್ರತೆ 9.1. ಪೋರ್ಟ್ ಬ್ಲೇರ್‌ನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಗ್ರೇಟ್ ನಿಕೋಬಾರ್‌ನ ತುದಿಯ ಇಂದಿರಾ ಪಾಯಿಂಟ್ 4 ಮೀಟರಿಗೂ ಹೆಚ್ಚು ಇಳಿದು, ಅಲ್ಲಿನ ದೀಪಸ್ತಂಭದ ಬುಡಕ್ಕೆ ಸಮುದ್ರ ಬಂತು.

ವಿದ್ಯುತ್ ಹೋಯಿತು, ದೂರವಾಣಿ ಸತ್ತಿತು. ವಿಯು4 ತಂಡ ಹೋಟೆಲ್ ಕೋಣೆಯಿಂದ ಹೊರಬಂದು ಹುಲ್ಲುಹಾಸಿನ ಮೇಲೆ ಮೇಜು ಹಾಕಿ ಮುಖ್ಯ ಭೂಭಾಗವನ್ನು ಕರೆಯಿತು. ಪಶ್ಚಾತ್ ಕಂಪನಗಳು ಬಿಡದೆ ಬರುತ್ತಿರುವಾಗ ಕಟ್ಟಡದೊಳಗೆ ಕೂರುವಂತಿಲ್ಲ. ಮಹಡಿಯ ಮೇಲಿನ ಆಂಟೆನಾ ನಿಂತೇ ಇದ್ದರೂ ಅದರಿಂದ ಸೆಟ್‌ಗೆ ಬರುವ ಕೋಆಕ್ಸ್ ಕೇಬಲ್ ಹುಲ್ಲುಹಾಸಿನವರೆಗೆ ಎಟುಕಬೇಕು. ಕೇಬಲ್‌ನ ಉದ್ದವನ್ನು ಕೋಣೆಯ ಅಳತೆಗೆ ಸರಿಯಾಗಿ ಕತ್ತರಿಸಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಯಾವ ದ್ವೀಪಕ್ಕೆ ಹೋದರೂ 20 ಮೀಟರ್ ಕೋಆಕ್ಸ್‌ನ ಒಂದು ಸುರುಳಿ, ಎರಡೂ ತುದಿಗೆ ಪ್ಲಗ್ ಬೆಸೆದದ್ದು, ಜೊತೆಗೆ ಎರಡು ಕೇಬಲ್ ಸೇರಿಸುವ ಬ್ಯಾರಲ್ ಕನೆಕ್ಟರ್ ಎರಡು ಬೇರೆಯಾಗಿಯೇ ಇರಬೇಕು. ತೆಳ್ಳನೆಯ ಆರ್‌ಜಿ-58 ಸಾಕು. 7 ಮೆಗಾಹರ್ಟ್ಸ್‌ನಲ್ಲಿ 20 ಮೀಟರಿಗೆ ಅದು ನುಂಗುವುದು 1 ಡೆಸಿಬೆಲ್‌ಗಿಂತ (ಡಿಬಿ) ಕಡಿಮೆ.

ಹತ್ತಿರದವರೇ ಕೇಳಿಸದ ಬ್ಯಾಂಡ್

ಈ ಪ್ರಕರಣದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನಿಸೋಣ.

ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೆ ಸುಮಾರು 1,360 ಕಿ.ಮೀ. ಬೆಂಗಳೂರಿಗೆ, ಹೈದರಾಬಾದಿಗೆ 1,650ರ ಆಸುಪಾಸು. ರೇಡಿಯೊ ಅಲೆಯನ್ನು ಭೂಮಿಗೆ ಹಿಂದಿರುಗಿಸುವ ಅಯಾನುಗೋಳದ ಎಫ್ ಪದರ 300 ಕಿ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, ಚೆನ್ನೈಗೆ ಒಂದೇ ನೆಗೆತದಲ್ಲಿ ತಲುಪಲು ಅಲೆ ದಿಗಂತದಿಂದ ಸುಮಾರು 20 ಡಿಗ್ರಿ ಕೋನದಲ್ಲಿ ಹೊರಡಬೇಕು. ಮಹಡಿಯ ಮೇಲೆ, ನೆಲದಿಂದ 10 ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ 14 ಮೆಗಾಹರ್ಟ್ಸ್ ಡೈಪೋಲ್‌ನ (ಎರಡು ಕೈಯ ತಂತಿ ಆಂಟೆನಾ) ಹೆಚ್ಚಿನ ಶಕ್ತಿ ಹೋಗುವುದು 30 ಡಿಗ್ರಿಯ ಸುತ್ತ. 20 ಡಿಗ್ರಿಗೂ ಧಾರಾಳವಾಗಿ ಸಿಗುತ್ತದೆ. ಯುರೋಪ್, ಜಪಾನ್‌ಗಳನ್ನು ಹಿಡಿಯಲು ಎತ್ತಿದ ಆಂಟೆನಾ ಚೆನ್ನೈ, ಹೈದರಾಬಾದ್, ಬೆಂಗಳೂರುಗಳನ್ನೂ ಹಗಲಲ್ಲಿ ಸುಲಭವಾಗಿ ಹಿಡಿಯುತ್ತದೆ. ಮುಖ್ಯ ಭೂಭಾಗದ ಕೊಂಡಿಗೆ ಹೊಸದಾಗಿ ಏನೂ ಮಾಡಬೇಕಾಗಿಲ್ಲ.

ತೊಂದರೆ ಇರುವುದು ತೆಂಕಣಕ್ಕೆ. ಅತಿ ಹೆಚ್ಚು ಹಾನಿಯಾದದ್ದು ನಿಕೋಬಾರ್ ದ್ವೀಪಗಳಿಗೆ. ಕಾರ್ ನಿಕೋಬಾರ್ ಇರುವುದು ಪೋರ್ಟ್ ಬ್ಲೇರ್‌ನಿಂದ ಬರೀ 275 ಕಿ.ಮೀ. ದೂರದಲ್ಲಿ. ಅಷ್ಟು ಹತ್ತಿರಕ್ಕೆ ಅಯಾನುಗೋಳದಿಂದ ಅಲೆ ಇಳಿಯಬೇಕಾದರೆ ಅದು 65 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ನೆತ್ತಿಯ ಕಡೆಗೇ ಹೋಗಬೇಕು. ಅಷ್ಟು ಕಡಿದಾಗಿ ಹೋದ 14 ಮೆಗಾಹರ್ಟ್ಸ್ ಅಲೆಯನ್ನು ಎಫ್ ಪದರ ಸಾಮಾನ್ಯವಾಗಿ ಹಿಂದಕ್ಕೆ ಕಳಿಸುವುದಿಲ್ಲ. ಅದು ಪದರ ಸೀಳಿಕೊಂಡು ಆಕಾಶಕ್ಕೆ ಹೋಗಿಬಿಡುತ್ತದೆ. ಅಲೆ ಇಳಿಯದ ಈ ನಡುವಿನ ಪಟ್ಟಿಗೆ ಸ್ಕಿಪ್ ವಲಯ ಎನ್ನುತ್ತಾರೆ. 14 ಮೆಗಾಹರ್ಟ್ಸ್‌ನಲ್ಲಿ ಜಪಾನ್ ಗಟ್ಟಿಯಾಗಿ ಕೇಳುತ್ತಿರುವಾಗ ಪಕ್ಕದ ದ್ವೀಪ ಮೌನವಾಗಿರುವುದು ಹೀಗೆ. ಹೊಸಬರು ಆಗ 'ಅಲ್ಲಿಯ ಸೆಟ್ ಕೆಟ್ಟಿದೆ' ಎಂದುಕೊಂಡು ಕರೆಯುತ್ತಲೇ ಬ್ಯಾಟರಿ ಖಾಲಿ ಮಾಡುತ್ತಾರೆ.

ಹೆಚ್ಚುಕಡಿಮೆ ದಿಗಂತದವರೆಗಷ್ಟೇ ತಲುಪುವ ವಿಎಚ್‌ಎಫ್ ಕೈಸೆಟ್ಟಿನಿಂದಲೂ ಆಗದು. 80 ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತರೂ ರೇಡಿಯೊ ದಿಗಂತ 37 ಕಿ.ಮೀ. ಮಾತ್ರ. ಕಾರ್ ನಿಕೋಬಾರ್ ಆಚೆ ಚಪ್ಪಟೆ ದ್ವೀಪ. 145 ಮೆಗಾಹರ್ಟ್ಸ್‌ನ 5 ವಾಟ್ ಸೆಟ್‌ಗಳು ಊರೊಳಗಿನ ಆಸ್ಪತ್ರೆ, ಜೆಟ್ಟಿ, ಜಿಲ್ಲಾಡಳಿತದ ಕಚೇರಿಗಳ ನಡುವೆ ಓಡಾಡಲು ಸರಿ.

ದಾರಿ ಎರಡಿವೆ. ಒಂದು, ಬಳಸು ದಾರಿ. ಕಾರ್ ನಿಕೋಬಾರ್‌ನಿಂದ ಚೆನ್ನೈಗೆ ಸುಮಾರು 1,430 ಕಿ.ಮೀ. ಹಾಗಾಗಿ ಮುಖ್ಯ ಭೂಭಾಗದ ಒಂದು ನಿಲ್ದಾಣಕ್ಕೆ 14 ಮೆಗಾಹರ್ಟ್ಸ್‌ನಲ್ಲಿ ಎರಡೂ ದ್ವೀಪಗಳು ಚೆನ್ನಾಗಿ ಕೇಳುತ್ತವೆ. ಅದು ನಡುವೆ ನಿಂತು ಮಾತು ದಾಟಿಸಬೇಕು. 275 ಕಿ.ಮೀ. ಅಂತರದ ಎರಡು ದ್ವೀಪಗಳು ಸಾವಿರದ ನಾನೂರು ಕಿ.ಮೀ. ಆಚೆಯವರ ಬಾಯಿಂದ ಮಾತಾಡುವುದು ನೋಡಲು ವಿಚಿತ್ರ. ಆದರೆ ಮೊದಲ ಕೆಲವು ಗಂಟೆ ಇದೇ ಅತ್ಯಂತ ನಂಬಿಕೆಯ ದಾರಿ, ಏಕೆಂದರೆ ಯಾರೂ ಹೊಸ ಆಂಟೆನಾ ಕಟ್ಟಬೇಕಾಗಿಲ್ಲ.

ಎರಡನೆಯದು, ಆಂಟೆನಾ ಇಳಿಸಿ ಬ್ಯಾಂಡ್ ಇಳಿಸುವುದು. 7 ಮೆಗಾಹರ್ಟ್ಸ್ ಅಲೆ ಹಗಲಲ್ಲಿ ನೆತ್ತಿಯಿಂದಲೂ ಮರಳಿ ಬರುತ್ತದೆ, ಈ ಉಷ್ಣವಲಯದಲ್ಲಂತೂ ಇನ್ನೂ ಸಲೀಸಾಗಿ. ಡೈಪೋಲ್ ನೆಲದಿಂದ 4–8 ಮೀಟರ್ ಎತ್ತರದಲ್ಲಿದ್ದರೆ ಶಕ್ತಿಯೆಲ್ಲ ಮೇಲಕ್ಕೇ ಹೋಗಿ ಸುತ್ತಲ 300–400 ಕಿ.ಮೀ.ಗೆ ಕೊಡೆ ಹಿಡಿದಂತೆ ಇಳಿಯುತ್ತದೆ. ಎತ್ತರದ ಮಾಸ್ಟ್ ಇಲ್ಲಿ ಬೇಡವೇ ಬೇಡ. ಎರಡು ತೆಂಗಿನಮರ ಸಾಕು. ಡಿಎಕ್ಸ್ ಅಭ್ಯಾಸದವರಿಗೆ ಒಗ್ಗದ ಮಾತೆಂದರೆ ಇದೇ. ಅವರ ಕೈ ತಾನಾಗಿ ತಂತಿಯನ್ನು ಮೇಲೆ ಮೇಲೆ ಎಳೆಯುತ್ತದೆ.

ಕಟ್ಟುವ ಕ್ರಮ ಹೀಗೆ. 7.060 ಮೆಗಾಹರ್ಟ್ಸ್‌ಗೆ ಅರ್ಧ ತರಂಗ 20.2 ಮೀಟರ್, ಅಂದರೆ ಒಂದು ಕೈಗೆ 10.1. ಪ್ಲಾಸ್ಟಿಕ್ ಹೊದಿಕೆಯ ಮನೆ ವೈರಿಂಗ್ ತಂತಿ ನಡೆಯುತ್ತದೆ. ಒಂದೊಂದು ಕೈಯನ್ನು ಹತ್ತೂವರೆ ಮೀಟರಿಗೆ ಕತ್ತರಿಸಿ, ಎತ್ತಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಮರಳಿ ಬರುವ ಶಕ್ತಿಯ ಅಳತೆ) ನೋಡಿ. ಕನಿಷ್ಠ ಮಟ್ಟ ಬ್ಯಾಂಡಿನ ಕೆಳಗೆ ಬಿದ್ದಿರುತ್ತದೆ. ಎರಡೂ ಕೈಯಿಂದ ತಲಾ 10 ಸೆಂ.ಮೀ. ಕಡಿಮೆ ಮಾಡಿದರೆ ಅದು ಸುಮಾರು 70 ಕಿಲೊಹರ್ಟ್ಸ್ ಮೇಲೇರುತ್ತದೆ. ತಂತಿಯನ್ನು ಕತ್ತರಿಸಬೇಡಿ, ಮಡಚಿ ಸುತ್ತಿ. ನಾಳೆ ಬೇರೆ ಜಾಗದಲ್ಲಿ ಅದೇ ತಂತಿ ಉದ್ದ ಬೇಕಾಗಬಹುದು. ತಂತಿಯ ತುದಿಯನ್ನು ಮರಕ್ಕೆ ನೇರ ಕಟ್ಟದೆ ನಡುವೆ 2–3 ಮೀಟರ್ ನೈಲಾನ್ ಹಗ್ಗ ಬಿಡಿ. ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಒದ್ದೆ ಗರಿ ತಾಗಿದರೆ ಟ್ಯೂನಿಂಗ್ ಅಲುಗಾಡುತ್ತದೆ. ಅದೇ ತುದಿ ಜನ ಓಡಾಡುವ ಜಾಗದಲ್ಲಿ ಕೈಗೆ ಎಟುಕುವಂತಿದ್ದರೆ ಸುಟ್ಟುಕೊಳ್ಳುತ್ತಾರೆ.

ಬೆಳಗಿನ ಜಾವದ ಹೊತ್ತಿಗೆ ಎಫ್ ಪದರ ಸೊರಗಿ 7 ಮೆಗಾಹರ್ಟ್ಸ್ ಕೂಡ ಹತ್ತಿರದವರನ್ನು ದಾಟಿಹೋಗುತ್ತದೆ. ಆಗ 3.5 ಮೆಗಾಹರ್ಟ್ಸ್ ಬ್ಯಾಂಡ್ ಬೇಕು. 3.6ಕ್ಕೆ ತಂತಿ 39.5 ಮೀಟರ್. ಹೋಟೆಲ್ ಅಂಗಳದಲ್ಲಿ ಅಷ್ಟು ಉದ್ದ ಸಿಗದು. ನಡುವನ್ನು 7 ಮೀಟರ್ ಕೋಲಿಗೆ ಏರಿಸಿ ಎರಡು ಕೈಯನ್ನೂ ಇಳಿಬಿಟ್ಟು, ತುದಿಗಳನ್ನು ಬೇಕಾದರೆ ಪಕ್ಕಕ್ಕೆ ತಿರುಗಿಸಿದರೂ ಕೆಲಸ ನಡೆಯುತ್ತದೆ. ಉಷ್ಣವಲಯದ ಸಿಡಿಲಿನ ಗರಗರ ಅಲ್ಲಿ ವಿಪರೀತ. ಇನ್ನೊಂದು ಸಂಗತಿ: ಈ ದ್ವೀಪಗಳು ಭೂಕಾಂತ ಸಮಭಾಜಕದ ಹತ್ತಿರ ಇವೆ. ಸೂರ್ಯ ಮುಳುಗಿದ ಮೇಲೆ ಕೆಲವು ಸಂಜೆ ಎಫ್ ಪದರ ಛಿದ್ರವಾಗಿ ಮಾತೆಲ್ಲ ಫ್ಯಾನಿನ ಮುಂದೆ ಮಾತಾಡಿದಂತೆ ನಡುಗುತ್ತದೆ. ಶಕ್ತಿ ಹೆಚ್ಚಿಸಿದರೆ ಪ್ರಯೋಜನವಿಲ್ಲ. ನಿಧಾನವಾಗಿ ಮಾತಾಡಬೇಕು, ಇಲ್ಲವೇ ಮೋರ್ಸ್‌ಗೆ ಇಳಿಯಬೇಕು.

ಬ್ಯಾಟರಿಯ ಲೆಕ್ಕ

100 ವಾಟ್ ಟ್ರಾನ್ಸೀವರ್ ಕೇಳುತ್ತಾ ಕೂತಾಗ ಸುಮಾರು 1.8 ಆಂಪಿಯರ್ ಎಳೆಯುತ್ತದೆ. ಮಾತಾಡುವಾಗ ದನಿಯ ಶಿಖರದಲ್ಲಿ 20 ಆಂಪಿಯರ್, ಸರಾಸರಿ 8. ನೂರರಲ್ಲಿ ಮೂವತ್ತು ಪಾಲು ಮಾತು, ಉಳಿದದ್ದು ಕೇಳುವುದು ಎಂದರೆ ಒಟ್ಟು ಸರಾಸರಿ 3.7 ಆಂಪಿಯರ್. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ಸರಿ. ಆ 50ರಲ್ಲಿ ಹದಿಮೂರು ಗಂಟೆ ಸಾಗುತ್ತದೆ.

ಲೆಕ್ಕಕ್ಕೆ ಸಿಗುವ ಹದಿಮೂರು ಗಂಟೆ ಅಂಗಳದಲ್ಲಿ ಆರಕ್ಕೇ ಮುಗಿಯುವುದು ಬ್ಯಾಟರಿಯ ತಪ್ಪಲ್ಲ, ತಂತಿಯದು. ಹೆಚ್ಚಿನ ಸೆಟ್‌ಗಳು 13.8 ವೋಲ್ಟ್‌ಗೆ ಮಾಡಿದವು, 15 ಶೇಕಡಾ ಏರಿಳಿತ ತಡೆಯುತ್ತವೆ. ಕೆಳಗಿನ ಮಿತಿ 11.7. ಬ್ಯಾಟರಿಯಿಂದ ಸೆಟ್‌ಗೆ 3 ಮೀಟರ್, ಹೋಗಿ ಬರುವುದು ಸೇರಿ 6 ಮೀಟರ್ ತಾಮ್ರ. ತಂತಿ 2.5 ಚದರ ಮಿ.ಮೀ. ಆದರೆ 20 ಆಂಪಿಯರ್‌ನಲ್ಲಿ 0.84 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅರ್ಧ ಬಳಸಿದ ಬ್ಯಾಟರಿಯ 12.3 ವೋಲ್ಟ್ ಸೆಟ್‌ನ ಬಾಯಿಗೆ ಬರುವಾಗ 11.46. ಜೋರಾಗಿ 'ಹಲೋ' ಎಂದ ತಕ್ಷಣ ಡಿಸ್‌ಪ್ಲೇ ಆರಿ ಸೆಟ್ ಮರುಚಾಲನೆಗೊಳ್ಳುತ್ತದೆ, ಇಲ್ಲವೇ ದನಿ ಒಡೆದು ಎದುರಿನವರಿಗೆ ಅರ್ಥವಾಗುವುದಿಲ್ಲ. 6 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.35ಕ್ಕೆ ಇಳಿಯುತ್ತದೆ. ತಂತಿ ಇಲ್ಲದಿದ್ದರೆ ಬ್ಯಾಟರಿಯನ್ನೇ ಮೇಜಿನ ಕೆಳಗೆ ಎಳೆದುಕೊಳ್ಳಿ.

ಇನ್ನೊಂದು ಉಪಾಯ ಪವರ್ ಗುಂಡಿ. 100 ವಾಟ್‌ನಿಂದ 40ಕ್ಕೆ ಇಳಿಸಿದರೆ ಎದುರಿನವರ ಮೀಟರಿನಲ್ಲಿ ಕಡಿಮೆಯಾಗುವುದು 4 ಡಿಬಿ, ಒಂದು ಎಸ್-ಯೂನಿಟ್ (ಮೀಟರಿನ ಒಂದು ಮೆಟ್ಟಿಲು) ಕೂಡ ಅಲ್ಲ. ಪೈಲ್‌ಅಪ್‌ನಲ್ಲಿ 4 ಡಿಬಿಗೆ ಬೆಲೆ ಇದೆ. ಎಲ್ಲರೂ ನಿಮ್ಮ ಮಾತಿಗೇ ಕಾದು ಕೂತಿರುವ ನೆಟ್‌ನಲ್ಲಿ (ಒಂದೇ ಆವರ್ತನದಲ್ಲಿ ಸರದಿಯಂತೆ ಮಾತಾಡುವ ಕೂಟ) ಇಲ್ಲ.

ಸಣ್ಣ ಪೆಟ್ರೋಲ್ ಜನರೇಟರ್ ಅರ್ಧ ಲೋಡಿನಲ್ಲಿ ಗಂಟೆಗೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ. ಹಾಗೆಂದು ಸೆಟ್ ಹಚ್ಚಿದಷ್ಟು ಹೊತ್ತೂ ಅದನ್ನು ಓಡಿಸುವುದು ದಡ್ಡತನ. 10 ಆಂಪಿಯರ್ ಚಾರ್ಜರ್ ಜೋಡಿಸಿ ದಿನಕ್ಕೆ ಆರು ಗಂಟೆ ಓಡಿಸಿದರೆ 3 ಲೀಟರಿನಲ್ಲಿ ದಿನ ದೂಡಬಹುದು. ಪೆಟ್ರೋಲ್ ಬಂಕ್‌ಗೂ ಕರೆಂಟ್ ಇಲ್ಲದ ಊರಿನಲ್ಲಿ ಈ ಲೆಕ್ಕ ಸಣ್ಣದಲ್ಲ. ಜೀಪಿನ ಬ್ಯಾಟರಿಗೆ ಕಚ್ಚಿಸಲು ಮೊಸಳೆ ಕ್ಲಿಪ್ ಹಾಕಿದ ತಂತಿಯೂ ಪೆಟ್ಟಿಗೆಯಲ್ಲಿರಲಿ, ಫ್ಯೂಸ್ ಬ್ಯಾಟರಿ ತುದಿಯಲ್ಲೇ ಇರಲಿ.

ಒಂದು ಹೆಸರಿಗೆ ಮೂರು ನಿಮಿಷ

ಪೋರ್ಟ್ ಬ್ಲೇರ್‌ನ ನಿಲ್ದಾಣ ಮುಂದೆ ಜಿಲ್ಲಾಡಳಿತದ ಜೊತೆ ಸೇರಿತು, ತಂಡದವರು ಕಾರ್ ನಿಕೋಬಾರ್‌ಗೂ ಹೋಗಿ ಸೆಟ್ ಹೂಡಿದರು. ನಿಕೋಬಾರ್‌ಗೆ ಮಾಮೂಲಿ ದಿನಗಳಲ್ಲಿ ಪ್ರತ್ಯೇಕ ಪಾಸ್ ಇಲ್ಲದೆ ಕಾಲಿಡುವಂತಿಲ್ಲ. ಅಲ್ಲಿಂದ ಹೊರಟದ್ದು ಬಹುಪಾಲು ಬದುಕುಳಿದವರ ಹೆಸರು, ಸಂಬಂಧಿಕರ ವಿಚಾರಣೆ, ಬೇಕಾದ ಸಾಮಾನಿನ ಪಟ್ಟಿ.

ಇಲ್ಲಿ ಪೈಲ್‌ಅಪ್‌ನ 20 ಸೆಕೆಂಡ್ ಗುಂಗು ಬಿಡಬೇಕು. ಒಬ್ಬರ ಕ್ಷೇಮ ಸಮಾಚಾರ ತಪ್ಪಿಲ್ಲದೆ ದಾಟಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಗಂಟೆಗೆ 20 ಸಂದೇಶ ಎಂದರೆ ದೊಡ್ಡದು. ಒಂದು ಮಾದರಿ:

'ಸಂಖ್ಯೆ 27. ಸಮಯ 11:40 ಐಎಸ್‌ಟಿ. ಎಲ್ಲಿಂದ: ಕಾರ್ ನಿಕೋಬಾರ್, ಮಲಕ್ಕ. ಯಾರು: ಹೆಸರು, ತಂದೆಯ ಹೆಸರು, ವಯಸ್ಸು, ಕೆಲಸ. ಯಾರಿಗೆ: ಹೆಸರು, ಊರು, ಎಸ್‌ಟಿಡಿ ಕೋಡ್ ಸಮೇತ ಫೋನ್. ವಿಷಯ: ನಾನೂ ಮಕ್ಕಳಿಬ್ಬರೂ ಕ್ಷೇಮ, ಶಿಬಿರದಲ್ಲಿದ್ದೇವೆ. ಸಹಿ.'

ಪ್ರತಿ ಸಾಲಿಗೂ ಒಂದು ಕಾರಣವಿದೆ. ತಂದೆಯ ಹೆಸರು, ವಯಸ್ಸು ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರಲ್ಲಿ ಬದುಕಿರುವವರು ಯಾರು ಎಂದು ತಿಳಿಯದು. ತಪ್ಪು ಮನೆಗೆ ಸಂತೋಷದ ಫೋನ್ ಹೋಗುವುದಕ್ಕಿಂತ ಕೆಟ್ಟದ್ದಿಲ್ಲ. ಹ್ಯಾಮ್ ಲಾಗ್ ಯಾವಾಗಲೂ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ಆಡಳಿತದ ಗಡಿಯಾರ ಐದೂವರೆ ಗಂಟೆ ಮುಂದೆ. ಸಮಯದ ಪಕ್ಕ 'ಐಎಸ್‌ಟಿ' ಬರೆಯದಿದ್ದರೆ 06:10 ಎಂಬುದು ಬೆಳಗಿನದೋ ಮಧ್ಯಾಹ್ನದ್ದೋ ಎಂದು ಯಾರೋ ಒಬ್ಬರು ತಪ್ಪು ತಿಳಿಯುತ್ತಾರೆ. ಹೆಸರನ್ನು ಆಲ್ಫಾ, ಬ್ರಾವೊ ಎಂದು ಅಕ್ಷರ ಬಿಡಿಸಿ ಹೇಳಬೇಕು, ಫೋನ್ ಸಂಖ್ಯೆಯನ್ನು ಎರಡು ಸಲ ಹೇಳಬೇಕು, ಬರೆದುಕೊಂಡವರು ಪೂರ್ತಿ ಹಿಂದಕ್ಕೆ ಓದಬೇಕು. 'ಕಾಪಿ' ಎಂಬ ಒಂದೇ ಮಾತಿಗೆ ಇಲ್ಲಿ ಕಿಮ್ಮತ್ತಿಲ್ಲ.

ದ್ವೀಪದಿಂದ ಹೊರಡುವ ಸಂದೇಶ ಮೊದಲು, ಹೊರಗಿನಿಂದ ಬರುವ ವಿಚಾರಣೆ ಆಮೇಲೆ. ಇದು ಕೇಳಲು ಕಠಿಣ. ಮುಖ್ಯ ಭೂಭಾಗದಿಂದ 'ನಮ್ಮಣ್ಣ ಅಲ್ಲಿದ್ದ, ಏನಾದ?' ಎಂದು ಕೇಳುವವರು ಸಾವಿರಾರು. ಆದರೆ 'ಕ್ಷೇಮ' ಎಂಬ ಸಂದೇಶ ಒಂದು ಸಲ ಹೋದರೆ ಮುಗಿಯಿತು. ವಿಚಾರಣೆಗೆ ಒಬ್ಬ ಮನುಷ್ಯ ಶಿಬಿರದಿಂದ ಶಿಬಿರಕ್ಕೆ ನಡೆದು ಹುಡುಕಬೇಕು, ಮತ್ತೆ ಉತ್ತರ ಕಳಿಸಬೇಕು. ಹೊರಟ ಪಟ್ಟಿ ಮುಖ್ಯ ಭೂಭಾಗದಲ್ಲಿ ಒಂದೆಡೆ ಸೇರಿದರೆ ಎಷ್ಟೋ ವಿಚಾರಣೆಗಳು ದ್ವೀಪಕ್ಕೆ ಬರದೆ ಅಲ್ಲಿಯೇ ತೀರುತ್ತವೆ.

ನೆಟ್‌ನ ಹಿಡಿತ ಮುಖ್ಯ ಭೂಭಾಗದವರ ಕೈಯಲ್ಲಿದ್ದರೆ ಒಳ್ಳೆಯದು. ಅವರಿಗೆ ಕರೆಂಟ್ ಇದೆ, ಎತ್ತರದ ಆಂಟೆನಾ ಇದೆ, ಪಾಳಿ ಬದಲಿಸಲು ಜನ ಇದ್ದಾರೆ. ಅಪರೂಪದ ವಿಯು4 ಎಂದು ಆಸೆಬಿದ್ದು ಸಂದೇಶದ ನಡುವೆ ಕಾಲ್‌ಸೈನ್ ಕೂಗುವವರನ್ನು ಓಡಿಸುವ ಕೆಲಸವೂ ಅವರದೇ. ದ್ವೀಪದ ಆಪರೇಟರ್ ಅದಕ್ಕೆ ಉಸಿರು ಕೆಡಿಸಿಕೊಳ್ಳಬಾರದು.

ಪೆಟ್ಟಿಗೆಗೆ ಸೇರಬೇಕಾದದ್ದು

2006ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್‌ಫೆಸ್ಟ್ ನಡೆಸಿತು, ವಿದೇಶಿ ಹ್ಯಾಮ್‌ಗಳೂ ಬಂದರು. ಮುಚ್ಚಿದ ಬಾಗಿಲು ತೆರೆಯಲು ಡಿಸೆಂಬರ್‌ನ ಆ ಕೆಲಸ ನೆರವಾಯಿತೆಂದು ಹೇಳಿದರೆ ಅತಿಶಯವಲ್ಲ.

ಕರ್ನಾಟಕದವರಿಗೆ ಇಂಥ ಯಾತ್ರೆ ಹತ್ತಿರವಾಗುವುದು ಲಕ್ಷದ್ವೀಪಕ್ಕೆ. ಮಂಗಳೂರಿನ ಹಳೇ ಬಂದರಿನಿಂದ ಸಾಮಾನು ಹೊತ್ತ ಮಂಜಿಗಳು ಅಲ್ಲಿಗೆ ಓಡುತ್ತವೆ, ಮಳೆಗಾಲದಲ್ಲಿ ಮಾತ್ರ ಇಲ್ಲ. ಸೀಸದ ಬ್ಯಾಟರಿ, ಮಾಸ್ಟ್ ಕೊಳವೆಯಂಥ ಭಾರದ ಸಾಮಾನನ್ನು ವಾರಗಟ್ಟಲೆ ಮುಂಚೆ ಹಡಗಿಗೆ ಹಾಕುವುದೇ ಸರಿ. ವಿಮಾನದವರು ಆಸಿಡ್ ಇರುವ ಬ್ಯಾಟರಿ ಮುಟ್ಟುವುದಿಲ್ಲ, ಮೂರು ಮೀಟರ್ ಕೊಳವೆಯನ್ನೂ ಒಪ್ಪುವುದಿಲ್ಲ. ದ್ವೀಪ ಪ್ರವೇಶದ ಪರವಾನಗಿ ಬೇರೆ, ವೈರ್‌ಲೆಸ್ ಪರವಾನಗಿ ಬೇರೆ. ಎರಡರಲ್ಲೂ ಸ್ಥಳದ ಹೆಸರು, ದಿನಾಂಕ, ಸೆಟ್‌ನ ಸೀರಿಯಲ್ ಸಂಖ್ಯೆ ಒಂದೇ ರೀತಿ ಇವೆಯೇ ಎಂದು ಹೊರಡುವ ಮುನ್ನ ಇಬ್ಬರು ಓದಿ ನೋಡಬೇಕು.

ಡಿಎಕ್ಸ್ ಸಾಮಾನಿನ ಮೇಲೆ ಹೆಚ್ಚಿಗೆ ಸೇರುವುದು ಇಷ್ಟೇ: 60 ಮೀಟರ್ ತಂತಿ, 40 ಮೀಟರ್ ನೈಲಾನ್ ಹಗ್ಗ, ಕಲ್ಲು ಕಟ್ಟಿ ಮರದ ಮೇಲೆ ಎಸೆಯಲು ಮೀನಿನ ದಾರದ ಒಂದು ಉಂಡೆ, 6 ಚದರ ಮಿ.ಮೀ. ತಂತಿಯ ಡಿಸಿ ಕೇಬಲ್, ಕ್ಲಿಪ್, ಫ್ಯೂಸ್ ಹತ್ತು, ಉಪ್ಪುನೀರಿನ ಗಾಳಿಯಿಂದ ಕನೆಕ್ಟರ್ ಕಾಯಲು ಹಚ್ಚುವ ವ್ಯಾಸಲೀನ್ ಒಂದು ಡಬ್ಬಿ, ಸುತ್ತಲು ಸ್ವಯಂ ಅಂಟಿಕೊಳ್ಳುವ ರಬ್ಬರ್ ಟೇಪ್, ನಾಲ್ಕು ಕೈಸೆಟ್, ಹೆಡ್‌ಲ್ಯಾಂಪ್ ಎರಡು. ಲ್ಯಾಪ್‌ಟಾಪ್ ಲಾಗ್ ಬಿಟ್ಟು ಬೇರೆಯಾಗಿ ಕಾರ್ಬನ್ ಹಾಳೆ ಇಟ್ಟ ನೂರು ಪುಟದ ಪುಸ್ತಕ ಎರಡು: ಮೇಲಿನ ಪ್ರತಿ ಕಚೇರಿಯ ಜವಾನನ ಕೈಗೆ, ಕೆಳಗಿನದು ಆಪರೇಟರ್ ಬಳಿ. ಸೀಸದ ಕಡ್ಡಿ ಒಂದು ಡಜನ್, ಏಕೆಂದರೆ ಒದ್ದೆ ಕಾಗದದ ಮೇಲೆ ಪೆನ್ನು ಓಡುವುದಿಲ್ಲ. ಎಲ್ಲ ಸೇರಿ ಆರೇಳು ಕಿಲೊ, ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿಯುತ್ತದೆ.